ಹಳೆಯ ಪಿಕಪ್‌ಗೆ ಏರ್ ಸಸ್ಪೆನ್ಷನ್: ಪಟ್ಟಿ ಬಿಚ್ಚುವ ಮುನ್ನ

ಪ್ರಶ್ನೆ: ನನ್ನ ಹತ್ತಿರ ಮೂವತ್ತು ವರ್ಷ ದಾಟಿದ ಪಿಕಪ್ ಇದೆ. ಹಿಂದೆ ಕಮಾನ್ ಪಟ್ಟಿ, ಮುಂದೆ ಕಾಯಿಲ್ ಸ್ಪ್ರಿಂಗ್. ವಾರಕ್ಕೆ ಒಂದೆರಡು ಸಲ ನಾನೂರು, ಐನೂರು ಕಿಲೋ ಹೇರುತ್ತೇನೆ. ಆಗ ಹಿಂಭಾಗ ಕುಸಿದು ಹೆಡ್‌ಲೈಟ್ ಬೆಳಕು ಮೇಲಕ್ಕೆ ಹೋಗುತ್ತದೆ. ಖಾಲಿ ಓಡಿಸಿದರೆ ಬೆನ್ನು ನೋಯುವಷ್ಟು ಕುಲುಕಾಟ. ಏರ್ ಸಸ್ಪೆನ್ಷನ್ ಹಾಕಿದರೆ ಎರಡೂ ಸರಿಹೋಗುತ್ತವೆ, ನಿಲ್ಲಿಸಿದಾಗ ಗಾಡಿಯನ್ನು ನೆಲದ ಮಟ್ಟಕ್ಕೆ ಇಳಿಸಲೂಬಹುದು ಎಂಬ ಆಸೆ. ವೀಡಿಯೊಗಳಲ್ಲಿ ಪಟ್ಟಿ ಬಿಚ್ಚಿ ಆ ಜಾಗಕ್ಕೆ ಏರ್ ಬ್ಯಾಗ್ ಕೂರಿಸುವುದು ಎರಡು ದಿನದ ಕೆಲಸದಂತೆ ಕಾಣುತ್ತದೆ. ಒಬ್ಬರು ಇದರಿಂದ ಒಂದು ಟನ್ ಹೇರಬಹುದು ಅನ್ನುತ್ತಾರೆ. ಇನ್ನೊಬ್ಬರು ವೇಗದಲ್ಲಿ ಬ್ಯಾಗ್ ಒಡೆದರೆ ಗಾಡಿ ಪಲ್ಟಿ ಅನ್ನುತ್ತಾರೆ. ನನಗೆ ಸ್ಪ್ಯಾನರ್ ಕೆಲಸ ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಬೇರೆ ಗಾಡಿಯಿಂದ ಬಿಚ್ಚಿದ ಪೂರ್ತಿ ಕಿಟ್ ಅರ್ಧ ಬೆಲೆಗೆ ಸಿಗುತ್ತಿದೆ, ತೆಗೆದುಕೊಳ್ಳಬಹುದೇ ಸರ್?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಬೇಡಿಕೆಗಳಿವೆ. ಹೇರಿದಾಗ ಹಿಂಭಾಗ ಕುಸಿಯಬಾರದು, ಖಾಲಿ ಓಡುವಾಗ ಕುಲುಕಬಾರದು, ನಿಲ್ಲಿಸಿದಾಗ ನೆಲಕ್ಕಿಳಿಯಬೇಕು. ಮೊದಲನೆಯದಕ್ಕೆ ಇರುವ ಪಟ್ಟಿಯನ್ನು ಹಾಗೆಯೇ ಬಿಟ್ಟು ಜೊತೆಗೆ ಹೆಲ್ಪರ್ ಬ್ಯಾಗ್, ಅಂದರೆ ಪಟ್ಟಿಗೆ ನೆರವಾಗುವ ಗಾಳಿಚೀಲ, ಕೂರಿಸಿದರೆ ಸಾಕು, ವೆಲ್ಡಿಂಗ್ ಬೇಡ. ಎರಡನೆಯದಕ್ಕೆ ಹೆಚ್ಚಿನ ಗಾಡಿಗಳಲ್ಲಿ ಏರ್ ಬ್ಯಾಗೇ ಬೇಕಾಗುವುದಿಲ್ಲ. ಮೂರನೆಯದಕ್ಕೆ ಮಾತ್ರ ಹಿಂಭಾಗದ ಸಸ್ಪೆನ್ಷನ್ ಪೂರ್ತಿ ಹೊಸದಾಗಿ ಕಟ್ಟಬೇಕು, ಚಾಸಿಯನ್ನೂ ಕತ್ತರಿಸಬೇಕು. ಹೇರುವ ಗಾಡಿಯನ್ನೇ ನೆಲಕ್ಕೂ ಇಳಿಸಬೇಕು ಅಂದರೆ ಖರ್ಚು ಹೆಚ್ಚು, ಕೊನೆಗೆ ಎರಡೂ ಅರೆಬರೆ. ಈಗ ಹೆಲ್ಪರ್ ಬ್ಯಾಗ್ ಹಾಕಿಕೊಳ್ಳಿ, ನೆಲಕ್ಕಿಳಿಸುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಕಾರಣ ಹೇಳುತ್ತೇನೆ.

ಪಟ್ಟಿ ಮಾಡುವ ಕೆಲಸ ಒಂದಲ್ಲ

ಕಮಾನ್ ಪಟ್ಟಿ ಭಾರ ಹೊರುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಅದೇ ಪಟ್ಟಿ ಹಿಂದಿನ ಆಕ್ಸಲ್ ಹೌಸಿಂಗನ್ನು, ಅಂದರೆ ಎರಡೂ ಹಿಂಚಕ್ರಗಳನ್ನು ಹೊತ್ತ ಅಡ್ಡ ಕೊಳವೆಯನ್ನು, ಹಿಂದೆ ಮುಂದೆ ಹೋಗದಂತೆ, ಪಕ್ಕಕ್ಕೆ ಸರಿಯದಂತೆ ಹಿಡಿದಿರುತ್ತದೆ. ಎಕ್ಸಲರೇಟರ್ ಒತ್ತಿದಾಗಲೂ ಬ್ರೇಕ್ ಹಾಕಿದಾಗಲೂ ಹೌಸಿಂಗ್ ತನ್ನ ಸುತ್ತ ತಾನೇ ತಿರುಗಲು ನೋಡುತ್ತದಲ್ಲ, ಅದನ್ನು ತಡೆಯುವುದೂ ಪಟ್ಟಿಯೇ. ಪಟ್ಟಿಗಳ ನಡುವಿನ ಉಜ್ಜಾಟ ಒಂದಿಷ್ಟು ಶಾಕ್ ಅಬ್ಸಾರ್ಬರ್ ಕೆಲಸವನ್ನೂ ಮಾಡುತ್ತದೆ.

ಏರ್ ಬ್ಯಾಗ್‌ಗೆ, ಅಂದರೆ ಬಸ್ಸಿನವರು ಬೆಲ್ಲೋ ಅನ್ನುವ ಆ ರಬ್ಬರ್ ಚೀಲಕ್ಕೆ, ಇವುಗಳಲ್ಲಿ ಬರುವುದು ಮೊದಲನೆಯದು ಮಾತ್ರ. ಅದು ಭಾರ ಹೊರುತ್ತದೆ, ಅಷ್ಟೇ. ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ, ತಿರುಚಿದರೆ ತಿರುಚಿಕೊಳ್ಳುತ್ತದೆ. ಪಟ್ಟಿ ಬಿಚ್ಚಿ ಬರೀ ಬ್ಯಾಗ್ ಕೂರಿಸಿದ ಗಾಡಿಯಲ್ಲಿ ಹೌಸಿಂಗನ್ನು ಹಿಡಿಯುವವರೇ ಇಲ್ಲ. ನೀವು ನೋಡಿದ ವೀಡಿಯೊದಲ್ಲಿ ಪಟ್ಟಿ ಬಿಚ್ಚಿದ ಮೇಲೆ ನಾಲ್ಕು ರಾಡ್‌ಗಳ ಲಿಂಕ್ ಕಟ್ಟಿಯೇ ಇರುತ್ತಾರೆ. ಆ ಭಾಗ ಬೇಗ ಬೇಗ ಓಡಿಸಿ ತೋರಿಸಿದ್ದರೆ ಎರಡು ದಿನದ ಕೆಲಸದಂತೆ ಕಾಣುತ್ತದೆ. ಎಲ್ಲ ಹಳೆಯ ಪಿಕಪ್‌ಗಳೂ ಪಟ್ಟಿಯವೇ ಅಲ್ಲ ಎಂಬುದನ್ನೂ ಗಮನಿಸಿ. ಷೆವ್ರೊಲೆಯ 1960ರಿಂದ 1972ರವರೆಗಿನ ಎಷ್ಟೋ ಪಿಕಪ್‌ಗಳಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇದ್ದು, ಹೌಸಿಂಗನ್ನು ಉದ್ದದ ಟ್ರೇಲಿಂಗ್ ಆರ್ಮ್‌ಗಳು ಹಿಡಿದಿರುತ್ತವೆ. ಅಂಥ ಗಾಡಿಯಲ್ಲಿ ಕಾಯಿಲ್ ತೆಗೆದು ಬ್ಯಾಗ್ ಕೂರಿಸುವುದು ನಿಜಕ್ಕೂ ಸುಲಭ. ಅದನ್ನು ನೋಡಿ ಪಟ್ಟಿಯ ಗಾಡಿಗೂ ಹಾಗೆಯೇ ಅಂದುಕೊಂಡರೆ ಕೆಟ್ಟಿತು.

ಒಂದು ಟನ್ನಿನ ಮಾತು, ಪಲ್ಟಿಯ ಮಾತು

ಬ್ಯಾಗ್ ಹಾಕಿದರೆ ಹೇರುವ ಮಿತಿ ಹೆಚ್ಚುವುದಿಲ್ಲ. ಟೈರಿನ ಲೋಡ್ ರೇಟಿಂಗ್, ಚಕ್ರದ ಬೇರಿಂಗ್, ಹೌಸಿಂಗ್, ಬ್ರೇಕ್, ಚಾಸಿ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದೇ ಗಾಡಿಯ ಮಿತಿ. ಬ್ಯಾಗ್ ಇವ್ಯಾವುದನ್ನೂ ಮುಟ್ಟುವುದಿಲ್ಲ. ಅಪಾಯ ಇನ್ನೊಂದಿದೆ. ಹಿಂಭಾಗ ಕುಸಿಯುವುದೇ ಹೆಚ್ಚು ಹೇರಿದ್ದಕ್ಕೆ ಗಾಡಿ ಕೊಡುತ್ತಿದ್ದ ಸೂಚನೆ. ಬ್ಯಾಗ್ ಹಾಕಿದ ಮೇಲೆ ಒಂದು ಟನ್ ಹೇರಿದರೂ ಗಾಡಿ ಸಮವಾಗಿ ನಿಂತಿರುತ್ತದೆ, ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಒಮ್ಮೆಯಾದರೂ ಹೇರಿದ ಗಾಡಿಯ ಹಿಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ, ಗಾಡಿಯ ಪ್ಲೇಟಿನಲ್ಲಿರುವ ಹಿಂದಿನ ಆಕ್ಸಲ್ ಮಿತಿಗೆ ಹೋಲಿಸಿ ನೋಡಿ.

ಪಲ್ಟಿಯ ಹೆದರಿಕೆಗೆ ಹಳೆಯ ಬೇರು ಇದೆ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಗಮ್‌ನಂಥ ಆರಂಭದ ಏರ್ ಸಸ್ಪೆನ್ಷನ್ ಕಾರುಗಳು ಗಾಳಿ ಸೋರಿಸಿ ಹೆಸರು ಕೆಡಿಸಿಕೊಂಡವು. ಆದರೆ ಇವತ್ತಿನ ಬ್ಯಾಗ್ ಬಸ್ಸು, ಟ್ರೇಲರ್‌ಗಳಡಿ ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಜಾತಿಯದೇ, ಒಳಗೆ ದಾರದ ನೇಯ್ಗೆ ಇರುವ ರಬ್ಬರ್. ಅದು ತಾನಾಗಿ ಒಡೆಯುವುದು ಅಪರೂಪ. ಒಡೆಯುವ ಬ್ಯಾಗ್‌ಗಳನ್ನು ನೋಡಿದರೆ ಕಾರಣ ಹೆಚ್ಚಾಗಿ ಈ ನಾಲ್ಕರಲ್ಲೊಂದು: ಬ್ರಾಕೆಟ್ ಅಂಚೋ ಬ್ರೇಕ್ ಪೈಪೋ ಉಜ್ಜಿ ಸವೆದಿರುತ್ತದೆ, ಸೈಲೆನ್ಸರ್ ಪೈಪಿನ ಬಿಸಿ ತಾಗಿರುತ್ತದೆ, ಗಾಳಿಯಿಲ್ಲದೆ ಓಡಿಸಿ ಮಡಿಕೆ ಸಿಕ್ಕಿ ಜಜ್ಜಿರುತ್ತದೆ, ಇಲ್ಲವೇ ಶಾಕ್ ಅಬ್ಸಾರ್ಬರ್ ಉದ್ದ ಹೆಚ್ಚಾಗಿ ಬ್ಯಾಗ್ ಮಿತಿಮೀರಿ ಎಳೆದುಕೊಂಡು ತಟ್ಟೆಯಿಂದ ಕಿತ್ತುಬಂದಿರುತ್ತದೆ. ನಾಲ್ಕೂ ಜೋಡಣೆಯ ಇಲ್ಲವೇ ಬಳಕೆಯ ತಪ್ಪುಗಳೇ. ಹೆಲ್ಪರ್ ಬ್ಯಾಗ್ ಒಡೆದರೂ ಪಟ್ಟಿ ಇದ್ದೇ ಇದೆ. ಗಾಡಿ ಆ ಬದಿಗೆ ವಾಲುತ್ತದೆ, ನಿಧಾನಕ್ಕೆ ಬದಿಗೆ ತಂದು ಇನ್ನೊಂದು ಬದಿಯ ಗಾಳಿಯನ್ನೂ ಬಿಟ್ಟು ಮನೆ ಸೇರಬಹುದು. ಪಟ್ಟಿಯೇ ಇಲ್ಲದ ಗಾಡಿಯ ಕಥೆ ಬೇರೆ. ಅಲ್ಲಿ ಗಾಳಿ ಪೂರ್ತಿ ಹೋದರೂ ಚಾಸಿ ಬಂಪ್ ರಬ್ಬರ್ (ಕೊನೆಯ ಹೊಡೆತ ತಡೆಯುವ ರಬ್ಬರ್ ಗುಬುಟು) ಮೇಲೆ ಕೂರಬೇಕು, ಟೈರು ಬಾಡಿಗೆ ತಾಗದೆ ತಿರುಗಬೇಕು, ಕೆಳಗಿನ ಯಾವ ಭಾಗವೂ ರಸ್ತೆಗೆ ತಗಲಬಾರದು. ಈ ಪರೀಕ್ಷೆಯಲ್ಲಿ ಸೋಲುವ ಗಾಡಿಯ ಬಗ್ಗೆ ನೀವು ಹೇಳಿದ ಆ ಇನ್ನೊಬ್ಬರ ಹೆದರಿಕೆ ನ್ಯಾಯವಾದದ್ದೇ.

ಕುಲುಕಾಟಕ್ಕೆ ಮೊದಲು ಮಾಡಬೇಕಾದ್ದು

ಬ್ಯಾಗಿನಲ್ಲಿ ಗಾಳಿ ಹೆಚ್ಚಿದಷ್ಟೂ ಅದು ಗಡುಸಾಗುತ್ತದೆ. ಪಟ್ಟಿಯ ಜೊತೆಗೆ ಬ್ಯಾಗ್ ಸೇರಿಸಿದರೆ ಎರಡರ ಗಡಸುತನವೂ ಕೂಡುತ್ತದೆ. ಹಾಗಾಗಿ ಹೆಲ್ಪರ್ ಬ್ಯಾಗ್ ಖಾಲಿ ಗಾಡಿಯನ್ನು ಮೆದು ಮಾಡುವುದಿಲ್ಲ, ಹೇರಿದಾಗ ತುಂಬಿದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಗಾಳಿಯನ್ನು ಬಿಡದೆ ಖಾಲಿ ಓಡಿಸಿದರೆ ಈಗಿನದಕ್ಕಿಂತ ಜಾಸ್ತಿ ಕುಲುಕುತ್ತದೆ.

ಮೂವತ್ತು ವರ್ಷದ ಗಾಡಿ ಕುಲುಕಲು ಸಾಮಾನ್ಯ ಕಾರಣಗಳು ಬೇರೆಯೇ: ಸತ್ತ ಶಾಕ್ ಅಬ್ಸಾರ್ಬರ್, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಪಟ್ಟಿಗಳು, ಕಲ್ಲಾದ ಬುಷ್, ಪೂರ್ತಿ ಹೇರಿದಾಗ ಇರಬೇಕಾದಷ್ಟು ಗಾಳಿಯನ್ನು ಟೈರಿನಲ್ಲಿ ಯಾವಾಗಲೂ ಇಟ್ಟುಕೊಂಡಿರುವುದು. ಪಟ್ಟಿ ಸೆಟ್ ಬಿಚ್ಚಿ, ಉಜ್ಜಿ, ತುದಿಗಳ ನಡುವೆ ಪ್ಲಾಸ್ಟಿಕ್ ಲೈನರ್ ಕೊಟ್ಟು, ಹೊಸ ಬುಷ್ ಮತ್ತು ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿಯ ನಡತೆಯೇ ಬದಲಾಗುತ್ತದೆ. ಏರ್ ಕಿಟ್ ಆರ್ಡರ್ ಮಾಡುವ ಮುನ್ನ ಇದನ್ನು ಮುಗಿಸಿ. ಎಷ್ಟೋ ಜನಕ್ಕೆ ಆಮೇಲೆ ಕಿಟ್ ಬೇಕೆನಿಸುವುದೇ ಇಲ್ಲ. ಒಂದು ಪಟ್ಟಿ ಕಡಿಮೆ ಮಾಡಿ, ಹೇರಿದಾಗ ಆ ಕೊರತೆಯನ್ನು ಬ್ಯಾಗಿನಿಂದ ತುಂಬಿಕೊಳ್ಳುವ ಪದ್ಧತಿಯೂ ಇದೆ. ಖಾಲಿ ಗಾಡಿ ಮೆದುವಾಗುತ್ತದೆ ನಿಜ, ಆದರೆ ಉಳಿದ ಪಟ್ಟಿಗಳು ಬ್ರೇಕ್ ಹೊಡೆತಕ್ಕೆ ಹೆಚ್ಚು ತಿರುಚಿಕೊಳ್ಳುತ್ತವೆ, ಬ್ಯಾಗ್ ಕೈಕೊಟ್ಟ ದಿನ ಹೇರಿದ ಗಾಡಿಗೆ ಆಸರೆ ಕಡಿಮೆ. ನಿಮ್ಮ ಹೇರಿಕೆ ನೋಡಿದರೆ ನನ್ನ ಸಲಹೆ ಅದಲ್ಲ.

ಸರ್ವಿಸ್ ಮಾಡುವಾಗಲೇ ಮೂರು ತಪಾಸಣೆ ಮುಗಿಸಿಕೊಳ್ಳಿ. ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಎಡ, ಬಲ ಎರಡೂ ಬದಿ ಟೇಪ್ ಹಿಡಿಯಿರಿ, ಸ್ಟಿಯರಿಂಗ್ ನೇರವಾಗಿರಲಿ. ವ್ಯತ್ಯಾಸ ಒಂದು ಸೆಂಟಿಮೀಟರ್ ಮೀರಿದರೆ ಪಟ್ಟಿಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಸರಿದಿರುವ ಶಂಕೆ. ಪ್ರತಿ ಪಟ್ಟಿಯನ್ನೂ ವೈರ್ ಬ್ರಷ್‌ನಲ್ಲಿ ಉಜ್ಜಿ ಸೀಳು ಹುಡುಕಿ, ಯು ಬೋಲ್ಟ್ ಪಕ್ಕದಲ್ಲೂ ಪಟ್ಟಿಯ ತುದಿಯ ಕಣ್ಣಿನ (ಸುರುಳಿಯ) ತಿರುವಿನಲ್ಲೂ ಹೆಚ್ಚು. ಮುರಿದ ಪಟ್ಟಿಯ ಮೇಲೆ ಬ್ಯಾಗ್ ಕೂರಿಸಿದರೆ ಎತ್ತರ ಸರಿಹೋಗಿ ಮುರಿದದ್ದು ಮರೆಯಾಗುತ್ತದೆ. ಮೂರನೆಯದು ಚಾಸಿ. ಹೌಸಿಂಗ್ ಮೇಲ್ಭಾಗದಲ್ಲಿ, ಬಂಪ್ ರಬ್ಬರ್ ಇರುವ ಸುತ್ತಮುತ್ತ ಸುತ್ತಿಗೆಯಿಂದ ಬಡಿದು ನೋಡಿ. ಠಣ್ ಎನ್ನದೆ ದಪ್ ಎಂದರೆ ಅಥವಾ ಪದರ ಪದರವಾಗಿ ತುಕ್ಕು ಉದುರಿದರೆ ಕಿಟ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಚಾಸಿ ರಿಪೇರಿ.

ಚಾಸಿಯ ಮಾತು ಬಂದದ್ದರಿಂದ, ಮಾರುವವರು ಹೇಳದ ಒಂದು ವಿಷಯ. ಪಟ್ಟಿ ತನ್ನ ಭಾರವನ್ನು ಚಾಸಿಗೆ ಎರಡು ಕಡೆ ಒಪ್ಪಿಸುತ್ತದೆ: ಮುಂದಿನ ಹ್ಯಾಂಗರ್‌ನಲ್ಲಿ ಅರ್ಧ, ಹಿಂದಿನ ಶಾಕಲ್‌ನಲ್ಲಿ ಅರ್ಧ. ಇವೆರಡರ ನಡುವೆ ಸುಮಾರು ಒಂದು ಮೀಟರಿಗೂ ಹೆಚ್ಚು ಅಂತರ. ಹೆಲ್ಪರ್ ಬ್ಯಾಗ್ ಕೂರುವುದು ಇವುಗಳ ನಟ್ಟನಡುವೆ, ಚಾಸಿ ಬಾಗಿ ಮೇಲೇರುವ ಜಾಗದಲ್ಲಿ. ಬ್ಯಾಗಿಗೆ ಗಾಳಿ ಹೆಚ್ಚಿಸಿದಷ್ಟೂ ಎರಡು ಕಡೆ ಹಂಚಿಹೋಗುತ್ತಿದ್ದ ಭಾರ ಒಂದೇ ಬಿಂದುವಿಗೆ ಬರುತ್ತದೆ. ಹಿಂದಿನ ಚಕ್ರಕ್ಕಿಂತ ಆಚೆ ಭಾರ ಜೋತುಬಿದ್ದಿದ್ದು, ಅಥವಾ ಟ್ರೇಲರ್ ಕೊಕ್ಕೆಯ ಮೇಲೆ ತೂಕ ಕೂತಿದ್ದು, ದೊಡ್ಡ ಗುಂಡಿಗೆ ಗಾಡಿ ಎಗರಿತು ಅಂದರೆ ಮೊಣಕಾಲಿಗೆ ಒತ್ತುಕೊಟ್ಟು ಸೌದೆ ಮುರಿದ ಹಾಗೆ ಚಾಸಿ ಬ್ಯಾಗಿನ ಮೇಲೆ ಬಾಗುತ್ತದೆ. ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ ಕಂಡರೆ, ಅಥವಾ ಮೊದಲಿದ್ದ ಅಳತೆಗಿಂತ ಬದಲಾಗಿದ್ದರೆ, ಇದೇ ಆಗಿದೆ ಎಂದರ್ಥ. ತಪ್ಪಿಸುವ ದಾರಿ ಸರಳ. ಭಾರವನ್ನು ಕ್ಯಾಬಿನ್ ಕಡೆ, ಹಿಂದಿನ ಚಕ್ರಕ್ಕಿಂತ ಮುಂದೆ ಹೇರಿ. ಬ್ಯಾಗಿನಿಂದ ಪೂರ್ತಿ ಎತ್ತರ ವಾಪಸ್ ತರಲು ಹೋಗಬೇಡಿ. ದಿನವೂ ಹೇರುವ ಗಾಡಿಯಾದರೆ ಬ್ಯಾಗಿನ ಬದಲು ಸರಿಯಾದ ರೇಟಿಂಗ್‌ನ ಹೊಸ ಪಟ್ಟಿ ಸೆಟ್ ಹಾಕಿಸುವುದೇ ಮೇಲು. ವಾರಕ್ಕೆ ಒಂದೆರಡು ಸಲದ ನಿಮ್ಮಂಥವರಿಗೆ ಬ್ಯಾಗ್ ಸರಿಹೊಂದುತ್ತದೆ.

ಹೆಲ್ಪರ್ ಬ್ಯಾಗ್ ಜೋಡಣೆ

ನಿಮ್ಮ ಗಾಡಿಯ ಮಾದರಿಗೆಂದೇ ಬಂದ ಬೋಲ್ಟ್ ಹಾಕುವ ಕಿಟ್ ಸಿಕ್ಕಿದರೆ ಅದನ್ನೇ ತನ್ನಿ. ಅದರಲ್ಲಿ ಎರಡು ಬ್ಯಾಗ್, ಚಾಸಿಗೆ ಕೂರುವ ಎರಡು ಮೇಲಿನ ಬ್ರಾಕೆಟ್, ಹೌಸಿಂಗ್ ಅಥವಾ ಪಟ್ಟಿಯ ಮೇಲೆ ಕೂರುವ ಎರಡು ಕೆಳಗಿನ ಬ್ರಾಕೆಟ್, ಸ್ಟ್ರಾಪ್, ಆರೇಳು ಮೀಟರ್ ನೈಲಾನ್ ಏರ್ ಪೈಪ್, ಟೈರಿನದ್ದೇ ತರದ ಎರಡು ವಾಲ್ವ್, ಬಿಸಿ ತಡೆಯುವ ಶೀಲ್ಡ್ ಇರಬೇಕು. ಶೀಲ್ಡ್ ಬೇಡವೆಂದು ಎಸೆಯಬೇಡಿ.

ಶುರು ಮಾಡುವ ಮುನ್ನ ಸಮತಟ್ಟಾದ ನೆಲದಲ್ಲಿ ಖಾಲಿ ಗಾಡಿಯ ಹಿಂದಿನ ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಅಳೆದು ಬರೆದಿಡಿ. ಹೇರಿದಾಗಲೂ ಅಳೆಯಿರಿ. ಆಮೇಲೆ ಎಷ್ಟು ಗಾಳಿ ಬೇಕೆಂದು ಹೇಳುವುದು ಈ ನಾಲ್ಕು ಅಂಕಿಗಳೇ.

ಮುಂದಿನ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಚಾಸಿಯನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಹೌಸಿಂಗ್ ಕೆಳಗೆ ಬೇರೆ ಜಾಕ್ ಇಡಿ. ಹೌಸಿಂಗನ್ನು ಮೇಲೆ ಕೆಳಗೆ ಆಡಿಸಲು ಅದು ಬೇಕೇ ಬೇಕು. ಹೆಚ್ಚಿನ ಕಿಟ್‌ಗಳಲ್ಲಿ ಬಂಪ್ ರಬ್ಬರ್ ತೆಗೆದ ಜಾಗಕ್ಕೇ ಮೇಲಿನ ಬ್ರಾಕೆಟ್ ಬರುತ್ತದೆ. ಬ್ಯಾಗ್‌ನೊಳಗೇ ಬಂಪ್ ರಬ್ಬರ್ ಇದೆಯೇ ನೋಡಿ. ಇಲ್ಲದಿದ್ದರೆ ಬೇರೆ ಜಾಗದಲ್ಲಿ ಒಂದನ್ನು ಉಳಿಸಿಕೊಳ್ಳಲೇಬೇಕು, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಕೊನೆಯ ಹೊಡೆತ ಬ್ಯಾಗ್ ತಿನ್ನಬಾರದು. ಚಾಸಿಗೆ ರಂಧ್ರ ಕೊರೆಯಬೇಕಾದರೆ ನಿಂತ ಗೋಡೆಯ ನಡುಭಾಗದಲ್ಲಿ ಕೊರೆಯಿರಿ. ಚಾಸಿಯ ಮೇಲಿನ, ಕೆಳಗಿನ ಮಡಿಕೆಯನ್ನು ಮುಟ್ಟಬೇಡಿ, ಬಾಗುವ ಹೊಡೆತ ಹೆಚ್ಚು ಬೀಳುವುದು ಅಲ್ಲಿ. ಕೊರೆಯುವ ಮುನ್ನ ಆ ಗೋಡೆಯ ಆಚೆ ಬದಿಗೆ ಕೈ ಹಾಕಿ ನೋಡಿ, ಬ್ರೇಕ್ ಪೈಪೋ ಇಂಧನದ ಪೈಪೋ ಅಲ್ಲೇ ಹಾದಿರುತ್ತದೆ. ಕೊರೆದ ಅಂಚಿಗೆ ಪ್ರೈಮರ್ ಬಳಿಯಿರಿ.

ಕೆಳಗಿನ ಸ್ಟ್ರಾಪ್ ಹೌಸಿಂಗನ್ನು ಸುತ್ತುವಾಗ ಅದರ ಬೆನ್ನ ಮೇಲಿನ ತೆಳು ಬ್ರೇಕ್ ಪೈಪು ಅಡಿಯಲ್ಲಿ ಸಿಕ್ಕಿಕೊಳ್ಳುವುದು ತೀರಾ ಸಾಮಾನ್ಯ. ನಟ್ ಬಿಗಿಯುವ ಮುನ್ನ ಪೈಪಿನ ಉದ್ದಕ್ಕೂ ಬೆರಳಾಡಿಸಿ. ಪಟ್ಟಿಯ ಯು ಬೋಲ್ಟ್ ಬಿಚ್ಚಬೇಕಾಗಿ ಬಂದರೆ ಹಳೆಯದನ್ನೇ ಮತ್ತೆ ಹಾಕಬೇಡಿ. ಅದು ಒಮ್ಮೆ ಎಳೆದುಕೊಂಡದ್ದು, ಎರಡನೇ ಸಲ ಬಿಗಿ ನಿಲ್ಲುವುದಿಲ್ಲ. ಹೊಸದನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ನೋಡಿ.

ಬ್ಯಾಗ್ ಮೇಲಿನ ತಟ್ಟೆ ಮತ್ತು ಕೆಳಗಿನ ತಟ್ಟೆ ಒಂದಕ್ಕೊಂದು ನೇರವಾಗಿ, ಸಮಾನಾಂತರವಾಗಿ ಕೂರಬೇಕು. ಗಾಳಿ ತುಂಬಿದಾಗ ಬ್ಯಾಗ್ ಅಗಲವಾಗುತ್ತದೆ, ಆ ಸ್ಥಿತಿಯಲ್ಲಿ ಸುತ್ತಲೂ ಕನಿಷ್ಠ ಒಂದು ಬೆರಳು ಆಡುವಷ್ಟು, ಅಂದರೆ 15ರಿಂದ 25 ಮಿಲಿಮೀಟರ್ ಜಾಗ ಬೇಕು. ಹೌಸಿಂಗನ್ನು ಪೂರ್ತಿ ಮೇಲಕ್ಕೆ ಒಮ್ಮೆ, ಪೂರ್ತಿ ಕೆಳಕ್ಕೆ ಒಮ್ಮೆ, ಒಂದು ಬದಿ ಮಾತ್ರ ಎತ್ತಿ ಒಮ್ಮೆ ನೋಡಿ. ಪೂರ್ತಿ ಕೆಳಗಿದ್ದಾಗ ಎಳೆತವನ್ನು ಶಾಕ್ ಅಬ್ಸಾರ್ಬರ್ ತಡೆಯುತ್ತಿರಬೇಕು, ಬ್ಯಾಗಾಗಲೀ ಬ್ರೇಕ್ ಹೋಸಾಗಲೀ ಬಿಗಿಯಾಗಿರಬಾರದು. ಗಾಡಿಗೆ ಜೋಡಿಸದ ಬ್ಯಾಗಿಗೆ ಪರೀಕ್ಷೆಗೆಂದು ಗಾಳಿ ತುಂಬುವ ಚಟ ಕೆಲವರಿಗಿದೆ. ಹಿಡಿತವಿಲ್ಲದ ಬ್ಯಾಗ್ ಸಿಡಿದು ಹಾರುತ್ತದೆ, ಅದನ್ನು ಮಾಡಬೇಡಿ.

ಪೈಪನ್ನು ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಬೇಡಿ. ತುದಿ ಚಪ್ಪಟೆಯಾಗಿ ಓರೆಯಾಗುತ್ತದೆ, ಒಳಗಿನ ಓ ರಿಂಗ್ ಹಿಡಿಯುವುದಿಲ್ಲ. ಹರಿತವಾದ ಪೈಪ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ, ತುದಿಯಿಂದ 20 ಮಿಲಿಮೀಟರ್‌ನಲ್ಲಿ ಮಾರ್ಕರ್ ಗುರುತು ಹಾಕಿ, ಫಿಟ್ಟಿಂಗ್‌ಗೆ ಒತ್ತಿ. ಮೊದಲು ಒಂದು ತಡೆ ಸಿಗುತ್ತದೆ, ಅದು ಓ ರಿಂಗ್. ಅದನ್ನೂ ದಾಟಿ ಪೈಪು ಗಟ್ಟಿಯಾಗಿ ತಳ ತಾಗಬೇಕು. ಎಳೆದು ನೋಡಿ. ಸೋರುವ ಹತ್ತು ಜೋಡಣೆಗಳಲ್ಲಿ ಹೆಚ್ಚಿನವು ಮೊದಲ ತಡೆಗೇ ನಿಂತುಹೋದವು. ಹಿತ್ತಾಳೆ ಫಿಟ್ಟಿಂಗ್‌ನ ಥ್ರೆಡ್‌ಗೆ ಟೇಪಿಗಿಂತ ದ್ರವರೂಪದ ಸೀಲೆಂಟ್ ಒಳ್ಳೆಯದು, ಮೊದಲ ಎರಡು ಥ್ರೆಡ್ ಬಿಟ್ಟು ಹಚ್ಚಿ. ಟೇಪಿನ ಚೂರು ವಾಲ್ವ್ ಸೇರಿದರೆ ಸಣ್ಣ ಸೋರಿಕೆ ಜೀವಮಾನವಿಡೀ ಕಾಡುತ್ತದೆ. ಕೈಬಿಗಿ ಆದಮೇಲೆ ಒಂದೂವರೆ ಸುತ್ತು ಸಾಕು.

ಎಡ ಬಲ ಎರಡು ಬ್ಯಾಗಿಗೂ ಬೇರೆ ಬೇರೆ ಪೈಪ್, ಬೇರೆ ಬೇರೆ ವಾಲ್ವ್ ಕೊಡಿ. ಟಿ ಹಾಕಿ ಒಂದೇ ವಾಲ್ವ್‌ಗೆ ಸೇರಿಸಿದರೆ ಪೈಪು ಉಳಿಯುತ್ತದೆ, ಆದರೆ ತಿರುವಿನಲ್ಲಿ ಹೊರಬದಿಯ ಬ್ಯಾಗ್ ಅದುಮಿದಾಗ ಅಲ್ಲಿನ ಗಾಳಿ ಒಳಬದಿಯ ಬ್ಯಾಗಿಗೆ ಹರಿದು ಗಾಡಿ ಇನ್ನಷ್ಟು ವಾಲುತ್ತದೆ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರ ಇರಲಿ, ಚಾಸಿಯ ರಂಧ್ರ ದಾಟುವಲ್ಲಿ ಗ್ರಾಮೆಟ್, ಒಂದಡಿಗೊಂದು ಕ್ಲಿಪ್.

ಕೊನೆಗೆ ಎರಡಕ್ಕೂ 60 ಪಿಎಸ್‌ಐ ತುಂಬಿ ಸೋಪಿನ ನೀರು ಸಿಂಪಡಿಸಿ, ಪ್ರತಿ ಜೋಡಣೆಯ ಬಳಿ ಅರ್ಧ ನಿಮಿಷ ನಿಂತು ನೋಡಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗಾಡಿಯ ಎತ್ತರ ಅಳೆಯಿರಿ. ಗೇಜ್ ನಂಬಬೇಡಿ, ಬ್ಯಾಗಿನ ಹೊಟ್ಟೆ ಚಿಕ್ಕದು, ಟೈರ್ ಗೇಜ್ ಒತ್ತಿ ತೆಗೆಯುವಷ್ಟರಲ್ಲೇ ಎರಡು ಮೂರು ಪಿಎಸ್‌ಐ ಹೋಗಿರುತ್ತದೆ. ತುಂಬುವುದೂ ಸೆಕೆಂಡುಗಳ ಕೆಲಸ, ಚಿಕ್ಕ ಚಿಕ್ಕ ಒತ್ತಿನಲ್ಲಿ ತುಂಬಿ.

ಎಷ್ಟು ತುಂಬಬೇಕು? ಹೆಚ್ಚಿನ ಹೆಲ್ಪರ್ ಕಿಟ್‌ಗಳಲ್ಲಿ ಕನಿಷ್ಠ 5, ಗರಿಷ್ಠ 100 ಪಿಎಸ್‌ಐ ಎಂದಿರುತ್ತದೆ. ನಿಮ್ಮ ಕಿಟ್‌ನ ಪುಸ್ತಿಕೆ ಬೇರೆ ಹೇಳಿದರೆ ಅದೇ ಕೊನೆ. ಖಾಲಿ ಗಾಡಿಗೆ 5ರಿಂದ 10 ಸಾಕು, ಸೊನ್ನೆಗೆ ಇಳಿಸಿದರೆ ಮಡಿಕೆ ಜಜ್ಜುತ್ತದೆ. ಹೇರಿದ ಮೇಲೆ ತುಂಬುತ್ತಾ, ಖಾಲಿ ಅಳತೆಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೇ ನಿಲ್ಲಿಸಿ. ಭಾರ ಇಳಿಸಿದ ಮೇಲೆ ಗಾಳಿ ಬಿಡುವುದನ್ನು ಮರೆಯಬೇಡಿ.

ಇಲ್ಲಿ ಬ್ರೇಕಿನ ಒಂದು ಗುಟ್ಟು. ನಿಮ್ಮ ಕಾಲದ ಹಲವು ಪಿಕಪ್‌ಗಳಲ್ಲಿ ಚಾಸಿಯ ಮೇಲೊಂದು ಬ್ರೇಕ್ ವಾಲ್ವ್ ಇದ್ದು, ಅದರಿಂದ ಒಂದು ಕಡ್ಡಿ ಅಥವಾ ಸ್ಪ್ರಿಂಗ್ ಹೌಸಿಂಗಿಗೆ ಸೇರಿರುತ್ತದೆ. ಹಿಂಭಾಗ ಕುಸಿದಷ್ಟೂ ಗಾಡಿ ಹೇರಿದೆ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಬ್ಯಾಗಿನಿಂದ ಗಾಡಿಯನ್ನು ಎತ್ತಿ ನಿಲ್ಲಿಸಿದಿರಿ ಅಂದರೆ, ಐನೂರು ಕಿಲೋ ಇದ್ದರೂ ಗಾಡಿ ಖಾಲಿ ಎಂದೇ ಆ ವಾಲ್ವ್‌ನ ಲೆಕ್ಕ. ಹಿಂದಿನ ಬ್ರೇಕ್ ಬೇಕಾದಾಗ ಕಡಿಮೆ ಹಿಡಿಯುತ್ತದೆ. ಗಾಡಿಯಡಿ ಇಣುಕಿ ಇಂಥ ಕಡ್ಡಿ ಇದೆಯೇ ನೋಡಿ. ಇದ್ದರೆ ಬ್ರೇಕ್ ಬಲ್ಲ ಮೆಕ್ಯಾನಿಕ್‌ನಿಂದ ಅದನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಳ್ಳಿ. ನೀವೇ ಕಡ್ಡಿ ಬಗ್ಗಿಸಿ ಅಂದಾಜಿಗೆ ಬಿಟ್ಟರೆ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಲಾಕ್ ಆಗುವ ಅಪಾಯ.

ಕಂಪ್ರೆಸರ್ ಬೇಕೇ?

ಎರಡು ಹೆಲ್ಪರ್ ಬ್ಯಾಗಿಗೆ ಕಾಲುಪಂಪೂ ಸಾಕು. ಕ್ಯಾಬಿನ್ನಿನಲ್ಲೇ ಕೂತು ಹೊಂದಿಸುವ ಆಸೆಯಿದ್ದರೆ ಚಿಕ್ಕ ಕಂಪ್ರೆಸರ್, ಎರಡು ಕೈವಾಲ್ವ್, ಎರಡು ಮುಳ್ಳಿನ ಒಂದು ಗೇಜ್ ಸಾಕು, ಟ್ಯಾಂಕ್ ಬೇಡ. ದೊಡ್ಡ ಕಂಪ್ರೆಸರ್ 12 ವೋಲ್ಟ್‌ನಲ್ಲಿ 20 ಆಂಪ್ಸ್ ಆಚೀಚೆ ಎಳೆಯುತ್ತದೆ. ಹಳೆಯ ಗಾಡಿಯ ಆಲ್ಟರ್ನೇಟರ್ ಕೊಡುವುದೇ ಕೆಲವೊಮ್ಮೆ 35, 40 ಆಂಪ್ಸ್. ರಾತ್ರಿ ಹೆಡ್‌ಲೈಟ್, ವೈಪರ್ ಜೊತೆ ಇದೂ ಸೇರಿದರೆ ಬ್ಯಾಟರಿಯಿಂದ ಕಿತ್ತುಕೊಳ್ಳುತ್ತದೆ. 5 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ವೈರಿನಲ್ಲಿ 20 ಆಂಪ್ಸ್ ಕಳಿಸಿದರೆ ಹೋಗುವ ದಾರಿಯಲ್ಲೇ ಸುಮಾರು 0.7 ವೋಲ್ಟ್ ನಷ್ಟ, 6 ಚದರ ಮಿಲಿಮೀಟರ್‌ನಲ್ಲಿ ಸುಮಾರು 0.3. ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ 30 ಆಂಪ್ಸ್ ಫ್ಯೂಸ್, 40 ಆಂಪ್ಸ್ ರಿಲೇ, ಬಣ್ಣ ಕೆರೆದ ಚಾಸಿಗೆ ಅರ್ತ್. ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ ನೇರ ಕರೆಂಟ್ ಕೊಟ್ಟರೆ ಸ್ವಿಚ್ ಕರಗುತ್ತದೆ.

ನೆಲಕ್ಕಿಳಿಸಲೇಬೇಕು ಅಂದರೆ

ಆಗ ಕೆಲಸದ ಗಾತ್ರ ತಿಳಿದುಕೊಂಡೇ ಇಳಿಯಿರಿ. ಹಿಂದೆ ನಾಲ್ಕು ಲಿಂಕ್ ರಾಡ್. ನಾಲ್ಕೂ ಸಮಾನಾಂತರವಾಗಿದ್ದರೆ ಹೌಸಿಂಗ್ ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಒಂದು ಪ್ಯಾನ್‌ಹಾರ್ಡ್ ರಾಡ್, ಮೇಲಿನ ಎರಡು ರಾಡ್ ತ್ರಿಕೋನವಾಗಿ ಕೂಡಿದ್ದರೆ ಅದು ಬೇಡ. ಗಾಡಿ ಇಳಿದಾಗ ಹೌಸಿಂಗ್ ಚಾಸಿಗೆ ಬಡಿಯುವುದರಿಂದ ಅಲ್ಲಿ ಚಾಸಿ ಕತ್ತರಿಸಿ ಕಮಾನಿನಂತೆ ಬಲಪಡಿಸಬೇಕು. ಓಡಿಸುವ ಎತ್ತರದಲ್ಲಿ ಗೇರ್‌ಬಾಕ್ಸ್ ತುದಿಯ ಕೋನವೂ ಡಿಫರೆನ್ಷಿಯಲ್ ಮೂತಿಯ ಕೋನವೂ ಸಮನಾಗಿ ಎದುರುಬದುರಾಗಿರಬೇಕು, ಇಲ್ಲದಿದ್ದರೆ ವೇಗದಲ್ಲಿ ನಡುಕ ಬಂದು ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಬೇಗ ಹೋಗುತ್ತದೆ. ಮುಂದೆ ಕಾಯಿಲ್ ತೆಗೆದ ಜಾಗಕ್ಕೆ ಬ್ಯಾಗ್ ಬಂದರೆ, ಕಾಯಿಲ್ ನಡುವೆ ಹಾದಿದ್ದ ಶಾಕ್ ಅಬ್ಸಾರ್ಬರ್‌ಗೆ ಬೇರೆ ಜಾಗ ಮಾಡಬೇಕು. ಅದುಮಿಟ್ಟ ಕಾಯಿಲ್ ಸ್ಪ್ರಿಂಗ್ ಜೀವ ತೆಗೆಯುವಷ್ಟು ಬಲದ್ದು, ಸ್ಪ್ರಿಂಗ್ ಅದುಮಿ ಹಿಡಿಯುವ ಸರಿಯಾದ ಉಪಕರಣವಿಲ್ಲದೆ ಕೈ ಹಾಕಬೇಡಿ.

ಮುಂದಿನ ಬ್ಯಾಗಿಗೆ ಹಿಂದಿನದಕ್ಕಿಂತ ಹೆಚ್ಚು ಗಾಳಿ ಏಕೆ ಬೇಕೆಂದು ಕೇಳುವವರಿದ್ದಾರೆ. ಹಿಂದಿನ ಚಕ್ರವೊಂದರ ಮೇಲೆ 400 ಕಿಲೋ ಇದ್ದು, ಬ್ಯಾಗ್ ನೇರವಾಗಿ ಹೌಸಿಂಗ್ ಮೇಲಿದ್ದು, ಅದರ ಕೆಲಸದ ವಿಸ್ತೀರ್ಣ 150 ಚದರ ಸೆಂಟಿಮೀಟರ್ ಅಂದುಕೊಳ್ಳಿ. ಚದರ ಸೆಂಟಿಮೀಟರಿಗೆ 2.7 ಕಿಲೋ, ಅಂದರೆ 38 ಪಿಎಸ್‌ಐ. ಮುಂದಿನ ಚಕ್ರದಲ್ಲಿ 500 ಕಿಲೋ ಇದ್ದು, ಬ್ಯಾಗ್ ಕೆಳಗಿನ ಆರ್ಮ್‌ನ ಉದ್ದದಲ್ಲಿ ಒಳ ಪಿವೋಟ್‌ನಿಂದ 60 ಶೇಕಡಾ ದೂರದಲ್ಲಿ ಕೂತಿದ್ದರೆ ಸನ್ನೆಯ ಲೆಕ್ಕದಲ್ಲಿ ಅದರ ಮೇಲೆ 833 ಕಿಲೋ ಬೀಳುತ್ತದೆ. ಅದೇ ಬ್ಯಾಗಿಗೆ ಸುಮಾರು 79 ಪಿಎಸ್‌ಐ ಬೇಕು. ಲೆಕ್ಕ ಹಾಕದೆ ಚಿಕ್ಕ ಬ್ಯಾಗ್ ತಂದರೆ ಸದಾ ಗರಿಷ್ಠ ಒತ್ತಡದಲ್ಲೇ ಓಡುತ್ತಿರುತ್ತದೆ. ಗಾಡಿಗೆ ಮುಂದೆ ಕಾಯಿಲ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಇದ್ದರೆ ಈ ಕೆಲಸ ಇನ್ನೂ ಕಷ್ಟ, ಬ್ಯಾಗ್ ಕೂರಲು ಮೇಲೆಯೂ ಕೆಳಗೂ ಜಾಗವೇ ಇರುವುದಿಲ್ಲ.

ನಾಲ್ಕು ಮೂಲೆಗೆ ಎಂಟು ವಾಲ್ವ್, 19 ಲೀಟರ್ ಟ್ಯಾಂಕ್, ಒಂದೋ ಎರಡೋ ಕಂಪ್ರೆಸರ್, 145 ಪಿಎಸ್‌ಐಗೆ ನಿಲ್ಲಿಸುವ ಪ್ರೆಶರ್ ಸ್ವಿಚ್, ಸೇಫ್ಟಿ ವಾಲ್ವ್, ನೀರು ಹಿಡಿಯುವ ಟ್ರ್ಯಾಪ್. ಅದುಮಿದ ಗಾಳಿಯಿಂದ ನೀರು ಇಳಿದೇ ಇಳಿಯುತ್ತದೆ, ಟ್ಯಾಂಕಿನ ತಳದ ಡ್ರೈನ್ ವಾರಕ್ಕೊಮ್ಮೆ ತೆರೆಯದಿದ್ದರೆ ಅದು ವಾಲ್ವ್‌ಗಳಿಗೆ ಹೋಗುತ್ತದೆ. ಲಿಂಕ್, ಚಾಸಿ ಕೆಲಸ ನಿಮ್ಮ ಕೈಯಲ್ಲಿ ಆಗುವಂಥದ್ದಲ್ಲ, ಸಸ್ಪೆನ್ಷನ್ ಕಟ್ಟಿ ಅನುಭವವಿರುವ ವೆಲ್ಡರ್ ಬೇಕು. ಇಂಥ ಬದಲಾವಣೆಗೆ ನೋಂದಣಿ ಕಚೇರಿಯ ಒಪ್ಪಿಗೆ, ವಿಮೆಯವರಿಗೆ ಮಾಹಿತಿ ಬೇಕಾಗುತ್ತದೆಯೇ ಎಂದು ಕತ್ತರಿಸುವ ಮುನ್ನವೇ ಕೇಳಿ. ಹೆಲ್ಪರ್ ಇರಲಿ, ಪೂರ್ತಿ ಕಿಟ್ ಇರಲಿ, ಬರೀ ಗಾಳಿಯ ಆಸರೆಯಲ್ಲಿ ನಿಂತ ಗಾಡಿಯಡಿ ಯಾರೂ ಮಲಗಬಾರದು. ಚಾಸಿಗೆ ಜಾಕ್ ಕೊಟ್ಟು ಗಾಡಿ ಎತ್ತುವ ಮುನ್ನ ಬ್ಯಾಗಿನ ಗಾಳಿ ಬಿಡಿ.

ಅರ್ಧ ಬೆಲೆಯ ಕಿಟ್

ಆ ಕಿಟ್ ನಿಮ್ಮ ಮಾದರಿಯ ಗಾಡಿಯಿಂದಲೇ ಬಿಚ್ಚಿದ್ದಾದರೆ ಬ್ರಾಕೆಟ್‌ಗಳು ಉಪಯೋಗಕ್ಕೆ ಬರುತ್ತವೆ, ಬೋಲ್ಟ್ ರಂಧ್ರ ಉದ್ದವಾಗಿಲ್ಲವೇ, ಮೂಲೆಯ ವೆಲ್ಡ್ ಸೀಳಿಲ್ಲವೇ ನೋಡಿ. ಕಂಪ್ರೆಸರ್ ಅನ್ನು ನಿಮ್ಮೆದುರೇ 100 ಪಿಎಸ್‌ಐವರೆಗೆ ಓಡಿಸಿ ತೋರಿಸಲಿ. ಟ್ಯಾಂಕಿನ ಡ್ರೈನ್ ಬಿಚ್ಚಿ ಕೆಂಪು ನೀರು ಸುರಿದರೆ ಒಳಗೆ ತುಕ್ಕು ಹಿಡಿದಿದೆ, ಅಂಥ ಟ್ಯಾಂಕ್ ಬೇಡವೇ ಬೇಡ. ಪೈಪು, ಫಿಟ್ಟಿಂಗ್ ಹೊಸದನ್ನೇ ಹಾಕಿ, ದೊಡ್ಡ ಖರ್ಚಲ್ಲ. ಬ್ಯಾಗ್ ಮಾತ್ರ ಹಳೆಯದು ತೆಗೆದುಕೊಳ್ಳಬೇಡಿ. ಗಾಳಿಯಿಲ್ಲದೆ ಮೂಲೆಯಲ್ಲಿ ಬಿದ್ದಿದ್ದ ರಬ್ಬರ್ ಮಡಿಕೆಯ ಒಳಗಿನಿಂದ ಬಿರಿಯುತ್ತದೆ, ಅದುಮಿದ ಸ್ಥಿತಿಯಲ್ಲಿ ಬಿರುಕು ಕಾಣುವುದೇ ಇಲ್ಲ. ಬ್ಯಾಗಿನ ಬೆಲೆ ಕಳೆದ ಮೇಲೂ ಕಿಟ್ ಲಾಭವೆನಿಸಿದರೆ ತನ್ನಿ. ಅದು ಪೂರ್ತಿ ನೆಲಕ್ಕಿಳಿಸುವ ಕಿಟ್ ಆಗಿದ್ದರೆ, ನಿಮ್ಮ ಈಗಿನ ಕೆಲಸಕ್ಕೆ ಅದರಲ್ಲಿ ಕಂಪ್ರೆಸರ್ ಬಿಟ್ಟು ಬೇರೇನೂ ಬಳಕೆಗೆ ಬರುವುದಿಲ್ಲ.